ರೊಟ್ಟಿ ಹಾಲಿನ ನಾಯಿ

ಹಾಲೇಶಪ್ಪನವರ ಮನೆಯ ನಾಯಿ ಶುದ್ಧ ಸಸ್ಯಾಹಾರಿ ಎಂಬುದು ಹರಿಹರದ ಆ ಬಡಾವಣೆಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿರದೆ ಏನು, ಹಾಲೇಶಪ್ಪನವರೇ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬೆಳಗ್ಗೆ ಜೋಳದ ರೊಟ್ಟಿ, ಹಾಲು, ರಾತ್ರಿ ಅನ್ನ, ಮೊಸರು, ಸೋಮವಾರ ಒಂದೊತ್ತು. ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿರುವಾಗ ನಾಯಿ ಎಲುಬು ಕಡಿದರೆ ಚೆನ್ನಾಗಿರುತ್ತದೆಯೇ ಎಂದು ಬೇರೆ ಕೇಳುತ್ತಿದ್ದರು. ವಿಭೂತಿ ಬಣ್ಣದ ಆ ನಾಯಿಯ ಹೆಸರು ಬೂದ. ಮರಿಯಿದ್ದಾಗ ಅದನ್ನು ಚರಂಡಿಯಿಂದ ಎತ್ತಿ ತಂದವಳು ಮಗಳು ಅಂಕಿತಾ. ಅದರ ಬಗ್ಗೆ ಭಾಷಣ ಮಾಡುವವರು ಮಾತ್ರ ಅಪ್ಪ. ಈ ಭಾಷಣವೇ ಮುಂದೆ ಕೊರಳಿಗೆ ಸುತ್ತಿಕೊಂಡಿತು.

ಪಕ್ಕದ ಮನೆಯ ಪಂಚಾಕ್ಷರಪ್ಪನವರಿಗೆ ಬೂದನನ್ನು ಕಂಡರೆ ಆಗುತ್ತಿರಲಿಲ್ಲ. ನಿವೃತ್ತ ಹೆಡ್ ಕ್ಲರ್ಕ್. ಲಿಂಗಪೂಜೆಗೆ ಕುಳಿತರೆ ಬೇಗ ಏಳುವ ಮನುಷ್ಯರಲ್ಲ. ಅವರು ಕಣ್ಣು ಮುಚ್ಚುವುದಕ್ಕೂ ಪೇಪರಿನವನನ್ನು ನೋಡಿ ಬೂದ ಬೊಗಳುವುದಕ್ಕೂ ಸರಿಹೋಗುತ್ತಿತ್ತು. ಅಂಕಿತಾ ತಪ್ಪಾಯಿತೆಂದು ಕೈಮುಗಿದು, ಅವರ ಪೂಜೆ ಮುಗಿಯುವವರೆಗೆ ನಾಯಿಯನ್ನು ಒಳಗೇ ಇಟ್ಟುಕೊಳ್ಳತೊಡಗಿದಳು. ಅದೂ ಸಾಲದಾಯಿತು. ನಲ್ಲಿಯಲ್ಲಿ ನೀರು ಬಿಟ್ಟ ಒಂದು ದಿನ, ಬೀದಿಯವರೆಲ್ಲ ಕೇಳುವ ಹಾಗೆ, "ಇದರ ಬಾಯಿ ಒಂದಿನ ಖಾಯಂ ಮುಚ್ಚಿಸ್ತೀನಿ, ನೋಡ್ತಾ ಇರ್ರಿ" ಎಂದುಬಿಟ್ಟರು. ಅಂಕಿತಾ ಆವತ್ತೇ ಠಾಣೆಗೊಂದು ಅರ್ಜಿ ಕೊಟ್ಟಿಡೋಣ ಎಂದಳು. ಅಕ್ಕಪಕ್ಕದವರು, ಒಂದೇ ಮಠದ ಭಕ್ತರು, ಬಾಯಿಮಾತಿಗೆಲ್ಲ ಪೊಲೀಸರು ಯಾಕೆ ಎಂದು ಹಾಲೇಶಪ್ಪ ಮಾತು ತಳ್ಳಿಹಾಕಿಬಿಟ್ಟರು.

ವಾರ ಕಳೆದಿರಲಿಲ್ಲ. ಅಂಕಿತಾ ದಾವಣಗೆರೆಯ ಆಡಿಟರ್ ಆಫೀಸಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ಗೇಟಿನ ಹತ್ತಿರ ಏನೋ ಕೆರೆದಂಥ ಸದ್ದಾಯಿತು. ಹೋಗಿ ನೋಡಿದರೆ ಬೂದ ನೆಲಕ್ಕೆ ಬಿದ್ದು, ಕಾಲು ಸೆಟೆದುಕೊಂಡು ನಡುಗುತ್ತಿದೆ. ಬಾಯಿಂದ ಜೊಲ್ಲು ಹರಿಯುತ್ತಿದೆ. ಪಕ್ಕದಲ್ಲಿ ಅರ್ಧ ತಿಂದ ಕೆಂಪನೆಯ ಕೋಳಿ ಕಬಾಬ್. ಅದರ ಸೀಳಿನಲ್ಲಿ ಹೊಲಕ್ಕೆ ಹಾಕುವ ಗುಳಿಗೆ ವಿಷ ಹರಳುಹರಳಾಗಿ ಕಾಣುತ್ತಿತ್ತು. ಅದನ್ನು ಯಾರೂ ಮುಟ್ಟಬೇಡಿ, ಒಂದು ಡಬ್ಬಿ ಕೊಡಿ ಎಂದು ಕೂಗಿ, ಫೋನು ತರಲು ಒಳಗೆ ಓಡಿದಳು.

ಡಬ್ಬಿ ಕೊಡುವವರು ಯಾರು? ಅಡುಗೆಮನೆಯ ಡಬ್ಬಿಗೆ ಕೋಳಿ ಹಾಕುತ್ತಾರೆಯೇ ಎಂದು ತಾಯಿ ಮರುಳಸಿದ್ದಮ್ಮ ಮೂಗು ಮುಚ್ಚಿಕೊಂಡರು. ಅಂಕಿತಾ ಫೋನು ಹಿಡಿದು ಬರುವಷ್ಟರಲ್ಲಿ ಅಪ್ಪ ಆ ತುಂಡನ್ನು ಕಡ್ಡಿಯಲ್ಲಿ ಎತ್ತಿ ಮೋರಿಗೆ ಹಾಕಿಯಾಗಿತ್ತು. ಅವ್ವ ಎರಡು ಕೊಡ ನೀರು ಸುರಿದು, ಸಗಣಿ ಹಾಕಿ ಸಾರಿಸುತ್ತಿದ್ದರು. ನಾಯಿ ಅಲ್ಲೇ ಸಾಯುತ್ತಿದೆ, ಇವರು ಅದರ ಸುತ್ತ ಅಂಗಳ ಸಾರಿಸುತ್ತಿದ್ದಾರೆ! ಅಂಕಿತಾ ಹಣೆ ಚಚ್ಚಿಕೊಂಡಳು.

"ಲಿಂಗ ಕಟ್ಟಿದ ಮನೆ ಅಂಗಳದಾಗೆ ಕೋಳಿ ಬಿದ್ದೈತೆ ಅಂದ್ರೆ ನೋಡಿದೋರು ಏನಂತಾರೆ?" ಎಂದರು ಹಾಲೇಶಪ್ಪ.

ಲಗೇಜ್ ಆಟೋದಲ್ಲಿ ದಾವಣಗೆರೆ ಮುಟ್ಟುವವರೆಗೆ ಅಂಕಿತಾ ಅಪ್ಪನ ಮುಖ ನೋಡಲಿಲ್ಲ. ಪಶುವೈದ್ಯೆ ಕೀರ್ತನಾ ಬೂದನ ಕಣ್ಣು, ಬಾಯಿ ನೋಡಿದವರೇ ಸೂಜಿಗೆ ಔಷಧಿ ಎಳೆದುಕೊಳ್ಳುತ್ತ, ಏನು ತಿಂದಿತ್ತು ಎಂದು ಕೇಳಿದರು. ಅಂಕಿತಾ ಬಾಯಿ ತೆರೆಯುವ ಮುಂಚೆ ಹಾಲೇಶಪ್ಪ, "ರೊಟ್ಟಿ ಹಾಲು ಬಿಟ್ರೆ ಬ್ಯಾರೆ ಮುಟ್ಟಲ್ಲ ಮೇಡಂ, ಅದು ನಮ್ಮಂಗೇನೆ" ಎಂದರು. ಆ ಮಾತು ಮುಗಿಯುವುದಕ್ಕೂ ಬೂದ ಮೇಜಿನ ಮೇಲೆ ಒಂದು ಕೋಳಿ ಎಲುಬು ಕಾರುವುದಕ್ಕೂ ಸರಿಯಾಯಿತು. ವೈದ್ಯೆ ಎಲುಬು ನೋಡಿದರು, ಹಾಲೇಶಪ್ಪನವರನ್ನು ನೋಡಿದರು. ಕಾರಿದ್ದನ್ನು ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಟೇಪು ಅಂಟಿಸಿ, ಮೇಲೆ ಸಹಿ ಹಾಕಿದರು.

ಸಂಜೆಯ ಹೊತ್ತಿಗೆ ಬೂದ ತಲೆಯೆತ್ತಿತು. ಕೀರ್ತನಾ ಗಿಳಿಗೆ ಹೇಳಿದ ಹಾಗೆ ಹೇಳಿದರು: ವಿಷ ಹಾಕಿದವರು ಒಂದು ಸಲಕ್ಕೆ ಬಿಡುವುದಿಲ್ಲ. ನೆಲದ ಮೇಲಿನದನ್ನು ತಿನ್ನದ ಹಾಗೆ ಕಲಿಸಿ, ಅಂಗಳ ನೋಡಿಕೊಂಡೇ ಹೊರಗೆ ಬಿಡಿ, ಗೇಟಿಗೆ ಜಾಲರಿ ಹಾಕಿಸಿ. ಏನಾದರೂ ಸಿಕ್ಕರೆ ಮೊದಲು ಫೋಟೋ ತೆಗೆದು, ಕೈಗೆ ಕವರ್ ಹಾಕಿಕೊಂಡು ಡಬ್ಬಿಯಲ್ಲಿಡಿ, ತೊಳೆಯಬೇಡಿ. ಕೊನೆಯದನ್ನು ಹಾಲೇಶಪ್ಪನವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಈ ಸಲ ಬದುಕಿದ್ದು ಬೇಗ ತಂದದ್ದಕ್ಕೆ, ಇನ್ನೊಂದು ಸಲ ಆದರೆ ತಾನು ಮಾತು ಕೊಡಲಾರೆ ಎಂದರು.

ಮರುದಿನ ಹರಿಹರದ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನಾಯಿ ಅಂತ ನಗಲಿಲ್ಲ. ಸಾಕಿದ ಪ್ರಾಣಿಗೆ ವಿಷ ಹಾಕುವುದು ನ್ಯಾಯ ಸಂಹಿತೆಯ ಮುನ್ನೂರ ಇಪ್ಪತ್ತೈದನೇ ಕಲಮಿಗೆ ಬರುತ್ತದೆ, ಐದು ವರ್ಷದವರೆಗೆ ಜೈಲಿದೆ ಎಂದು ಅವರೇ ಹೇಳಿದರು. ದೂರು ತೆಗೆದುಕೊಂಡು, ಹಿಂಬರಹ ಕೊಟ್ಟು, ಬಾಟಲಿಯನ್ನು ಪರೀಕ್ಷೆಗೆ ಕಳಿಸುವ ವ್ಯವಸ್ಥೆಯನ್ನೂ ಮಾಡಿದರು. ಆದರೆ ಪಂಚಾಕ್ಷರಪ್ಪನವರನ್ನು ಕರೆಸಿ ಕೇಳಿದಾಗ ಅವರು ನಾಯಿ ತಿಪ್ಪೆಯಲ್ಲಿ ತಿಂದಿರಬೇಕು ಎಂದರು. ತಮ್ಮ ಸಾಲಿನ ಮನೆಗಳಿಗೆ ಮಾಂಸವೇ ಬರುವುದಿಲ್ಲ, ಬೇಕಾದರೆ ಹಾಲೇಶಪ್ಪನವರನ್ನೇ ಕೇಳಿ ಎಂದರು. ಸಾಹೇಬರು ಕೇಳಿದರು. ಹಾಲೇಶಪ್ಪ ಹೌದೆನ್ನುವ ಹಾಗೆ ತಲೆಯಾಡಿಸಿದರು!

ಆ ಕಬಾಬನ್ನು ಪಂಚಾಕ್ಷರಪ್ಪ ಎಸೆದದ್ದನ್ನೋ, ಕೊನೇಪಕ್ಷ ಕೊಂಡದ್ದನ್ನೋ ನೋಡಿದ ಒಬ್ಬರನ್ನು ಕರೆತನ್ನಿ, ಆಮೇಲೆ ನೋಡಿ ನಾನು ಏನು ಮಾಡುತ್ತೇನೆ ಎಂದು ಸಾಹೇಬರು ಅಂಕಿತಾಳಿಗೆ ಹೇಳಿದರು. ಹಾಲೇಶಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ಕುಳಿತಿದ್ದರು.

ಮನೆಯಲ್ಲಿ ಅಂಕಿತಾ ಪಾಠ ಶುರುಮಾಡಿದಳು. ತುಪ್ಪ ಸವರಿದ ರೊಟ್ಟಿ ಚೂರನ್ನು ನೆಲಕ್ಕಿಟ್ಟು "ಬ್ಯಾಡ" ಅನ್ನುವುದು, ಬಿಟ್ಟು ಕೂತರೆ ತನ್ನ ಕೈಯಿಂದಲೇ "ತಗೋ" ಎಂದು ಕೊಡುವುದು. ನಾಯಿ ಬೇಗ ಕಲಿಯಿತು. ಕಲಿಯದವರು ಮನೆಯವರು. ಅವಳು ಆ ಕಡೆ ತಿರುಗುವುದೇ ತಡ, ಪಾಪ, ಎಷ್ಟೊತ್ತು ಕಾಯಿಸುತ್ತಾಳೆ ಎಂದು ಅವ್ವ ನೆಲದ ಚೂರನ್ನೇ ಎತ್ತಿ ತಿನ್ನಿಸುತ್ತಿದ್ದರು. ಜೊತೆಗೆ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದೇನೆ, ಇನ್ನು ಅದಕ್ಕೇನೂ ಆಗುವುದಿಲ್ಲ ಎಂಬ ಧೈರ್ಯ ಬೇರೆ. ಅಜ್ಜಯ್ಯ ಕಾಯುತ್ತಾನಮ್ಮ, ನೀನು ಮೊದಲು ಅವನಿಗೆ ಅಡ್ಡ ಬರಬೇಡ ಎಂದು ಅಂಕಿತಾ ರೇಗಿದಳು. ಅಪ್ಪನದು ಇನ್ನೊಂದು ಅವತಾರ. ದಿನಾ ಸಂಜೆ ಬೂದನನ್ನು ಸುತ್ತಾಡಿಸುತ್ತಿದ್ದವರು, ವಿಷದ ಘಟನೆಯಾದಾಗಿನಿಂದ ಮಂಡಿನೋವು ಎಂದು ಸಂಜೆಯಾದರೆ ಹೊಸಿಲು ದಾಟುತ್ತಿರಲಿಲ್ಲ.

ಹಾಗಾಗಿ ಒಂದು ಸಂಜೆ ಹಗ್ಗ ಅಂಕಿತಾಳ ಕೈಗೆ ಬಂತು. ಬೂದ ಅವಳನ್ನು ಪಾರ್ಕಿನ ಕಡೆ ಹೋಗಗೊಡಲಿಲ್ಲ. ಎಳೆದುಕೊಂಡು ಎರಡು ತಿರುವು ದಾಟಿ, ರೈಲ್ವೆ ಗೇಟಿನ ಹತ್ತಿರ ಸಣ್ಣಬೀರಪ್ಪನ ಎಗ್ ರೈಸ್ ಗಾಡಿಯ ಮುಂದೆ ಖಾಯಂ ಗಿರಾಕಿಯ ಹಾಗೆ ಕುಳಿತುಬಿಟ್ಟಿತು. ಸಣ್ಣಬೀರಪ್ಪ ಮುಖ ಅರಳಿಸಿ, ಯಜಮಾನರಿಗೆ ಹುಷಾರಿಲ್ಲವೇ ಎಂದು ಕೇಳುತ್ತ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು ನೆಲಕ್ಕಿಟ್ಟ. ಬೂದ ಮೊಟ್ಟೆ ನೋಡಿತು, ಅಂಕಿತಾಳನ್ನು ನೋಡಿತು, ಜೊಲ್ಲು ಸುರಿಸಿತು, ಮುಟ್ಟಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಮೊಟ್ಟೆ ಎತ್ತಿ, ತಗೋ ಎಂದು ತಿನ್ನಿಸಿದಳು.

ಆಮೇಲೆ ಒಂದೊಂದಾಗಿ ಕೇಳಿದಳು. ಯಜಮಾನರು ದಿನಾ ಬಂದು ನಾಯಿಗೆ ಮೊಟ್ಟೆ ಹಾಕುತ್ತಿದ್ದುದನ್ನು, ತಾವು ಮಾತ್ರ ನೀರೂ ಮುಟ್ಟದೆ ದೂರ ನಿಲ್ಲುತ್ತಿದ್ದುದನ್ನು ಸಣ್ಣಬೀರಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ನಾಯಿ ವಿಷ ತಿಂದು ಬಿದ್ದದ್ದರ ಹಿಂದಿನ ಸಂಜೆ ಪಂಚಾಕ್ಷರಪ್ಪನವರು ಬಂದು ಕಬಾಬ್ ಕಟ್ಟಿಸಿಕೊಂಡು ಹೋದದ್ದನ್ನೂ ಹೇಳಿದ. ಯಜಮಾನರೂ ಇಲ್ಲೇ ಇದ್ದರಲ್ಲ, ನಿಮಗೆ ಹೇಳಲಿಲ್ಲವೇ ಎಂದು ಅವನೇ ಕೇಳಿದ. ಅಂಕಿತಾಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಠಾಣೆಗೆ ಬಂದು ಇಷ್ಟನ್ನೇ ಹೇಳುತ್ತೀಯಾ ಎಂದಳು.

"ಹೇಳ್ತೀನಿ ಅಕ್ಕಾರೆ. ಆದ್ರೆ ಯಜಮಾನ್ರು ಪಕ್ಕದಾಗೆ ನಿಂತ್ಕಬೇಕು. ನಾನೊಬ್ನೇ ಹೇಳಿದ್ರೆ, ನಿನ್ನ ಕಬಾಬೇ ವಿಷ ಅಂತ ನನ್ನ ಗಾಡಿ ಎತ್ತಿಸ್ತಾರೆ."

ನ್ಯಾಯವಾದ ಮಾತು. ಅಂಕಿತಾ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಪ್ಪನ ಮುಂದೆ ನಿಂತಳು. ಹಾಲೇಶಪ್ಪ ಮೊದಲು ಅಡುಗೆಮನೆಯ ಕಡೆ ನೋಡಿದರು. ಅವ್ವ ಅಲ್ಲಿ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿನ ಮರೆಯಲ್ಲಿ ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಮರಿಯಿದ್ದಾಗ ಎಲುಬು ಬಿಟ್ಟುಕೊಂಡಿತ್ತಂತೆ, ಮೊಟ್ಟೆ ಹಾಕಿದ ಮೇಲೆ ಮೈಹಿಡಿಯಿತಂತೆ, ಆಮೇಲೆ ಬಿಡಿಸಲು ಮನಸ್ಸು ಬರಲಿಲ್ಲವಂತೆ. ಪಂಚಾಕ್ಷರಪ್ಪ ಕಬಾಬ್ ಕಟ್ಟಿಸಿಕೊಂಡಾಗ ಇಬ್ಬರೂ ಮುಖಾಮುಖಿಯಾದರಂತೆ. ಅವರು ನಕ್ಕು, ನೀವು ನನ್ನ ನೋಡಿಲ್ಲ, ನಾನು ನಿಮ್ಮ ನೋಡಿಲ್ಲ ಎಂದರಂತೆ. ಕದ್ದು ತಿನ್ನುವ ಚಪಲ ಇರಬೇಕು ಎಂದು ಇವರೂ ನಕ್ಕು ಬಂದರಂತೆ.

"ಮರುದಿನ ಬೆಳಗ್ಗೇನೆ ಗೊತ್ತಾಯ್ತಲ್ಲ ಅಪ್ಪಾಜಿ! ಠಾಣೆಯಾಗೆ ಯಾಕ ಬಾಯಿ ಬಿಡ್ಲಿಲ್ಲ?"

"ಹೆಂಗೆ ಹೇಳ್ಲಿ? ನೀವು ಅಲ್ಲಿ ಯಾಕ ಹೋಗಿದ್ರಿ ಅಂತ ಮೊದ್ಲು ಕೇಳ್ತಾರೆ. ಬಡಾವಣೆ ಸಂಘದ ಅಧ್ಯಕ್ಷ ನಾನು. ನಿಮ್ಮವ್ವಗೆ ಏನು ಮುಖ ತೋರಿಸ್ಲಿ? ಒಂದ್ಸಲ ಹೆದರಿದಾರೆ, ಇನ್ನು ಹಾಕಲ್ಲ ಬಿಡು."

ಒಂದು ಮೊಟ್ಟೆಯ ನಾಚಿಕೆಗೆ ಒಂದು ಜೀವ ಅಡ ಇಟ್ಟಿದ್ದೀರಿ ಎಂದಳು ಅಂಕಿತಾ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಹಾಲೇಶಪ್ಪ ಎದ್ದು ವಿಭೂತಿ ಗಟ್ಟಿ ಹುಡುಕುವ ನೆವದಲ್ಲಿ ದೇವರ ಕೋಣೆಗೆ ಹೋಗಿಬಿಟ್ಟರು.

ಮರುದಿನ ಬೆಳಗ್ಗೆ ಅಂಗಳ ನೋಡಿ ಬರೋಣವೆಂದು ಅಂಕಿತಾ ಬಾಗಿಲು ತೆಗೆಯುವಷ್ಟರಲ್ಲಿ ಬೂದ ಅವಳ ಕಾಲಸಂದಿಯಲ್ಲಿ ನುಸುಳಿ ಓಡಿತು. ಗೇಟಿಗೆ ಹಾಕಿಸಿದ ಜಾಲರಿಯ ಮೇಲಿಂದ ಬಿದ್ದ ಕೆಂಪು ತುಂಡು ಮೆಟ್ಟಿಲ ಕೆಳಗೇ ಇತ್ತು. "ಬ್ಯಾಡ" ಎನ್ನಲೂ ಅವಳಿಗೆ ಹೊತ್ತು ಸಿಗಲಿಲ್ಲ. ಬೂದ ತುಂಡಿನ ಹತ್ತಿರ ಮೂಗು ಒಯ್ದು ನಿಂತಿತು. ಮೈಯೆಲ್ಲ ನಡುಗುತ್ತಿತ್ತು. ಮೆಲ್ಲಗೆ ಹಿಂದೆ ಸರಿದು, ಕುಳಿತು, ತಿರುಗಿ ಅವಳ ಮುಖ ನೋಡಿತು. ಅಂಕಿತಾ ಅದನ್ನು ತಬ್ಬಿಕೊಂಡು ಅಲ್ಲೇ ಕುಸಿದಳು.

ಹಿಂದೆ ಕೊಡದ ಸದ್ದಾಯಿತು. ಮರುಳಸಿದ್ದಮ್ಮ ನೀರು ಹಿಡಿದು ನಿಂತಿದ್ದರು, ಅವರ ಹಿಂದೆ ಹಾಲೇಶಪ್ಪ. ಅವ್ವ ಸುರಿದೇಬಿಡುತ್ತಾರೆ ಎಂದುಕೊಂಡು ಅಂಕಿತಾ ಕೈ ಅಡ್ಡ ಹಿಡಿದಳು. ಮರುಳಸಿದ್ದಮ್ಮ ಕೊಡವನ್ನು ಕೆಳಗಿಟ್ಟು ಒಳಗೆ ಹೋದರು. ಬಂದಾಗ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ ಇತ್ತು. ಪುಡಿಯನ್ನು ಬೇರೆಡೆ ಸುರಿದು, ತೊಳೆದು ಒರೆಸಿ ತಂದಿದ್ದರು. ಅದನ್ನು ಮಗಳ ಮುಂದಿಟ್ಟು ಗಂಡನ ಕಡೆ ತಿರುಗಿದರು.

"ದಿನಾ ಸಂಜೆ ಅದರ ಬಾಯಾಗೆ ಮೊಟ್ಟೆ ವಾಸನೆ ಬರ್ತಿತ್ತು. ನಂಗೆ ಮೂಗಿಲ್ಲ ಅಂದ್ಕಂಡ್ರಾ? ಅವತ್ತು ನಿಮ್ಮ ಮಾನ ಹೋಗಬಾರ್ದು ಅಂತ ತೊಳೆದೆ. ಇವತ್ತು ತೊಳೆಯಲ್ಲ ರೀ. ನೀವು ಹೇಳ್ತೀರೋ, ನಾನು ಹೋಗಿ ಹೇಳ್ಲೋ?"

ಹಾಲೇಶಪ್ಪ ಅಷ್ಟು ಕಾಲ ಯಾರಿಗೆ ಹೆದರಿ ಬಚ್ಚಿಟ್ಟಿದ್ದರೋ ಅವರೇ ಎಲ್ಲ ಬಲ್ಲವರಾಗಿ, ಇವರ ಮಾನವನ್ನೂ ಸೇರಿಸಿ ಸಾರಿಸಿದ್ದರು. ಅಂಕಿತಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಂಥ ಮನೆಯಪ್ಪಾ ಇದು ಎಂದುಕೊಳ್ಳುತ್ತ, ಫೋಟೋ ತೆಗೆದು, ಕೈಗೆ ಕವರ್ ಹಾಕಿಕೊಂಡು ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ಠಾಣೆಯಲ್ಲಿ ಸಾಹೇಬರು ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಅರಗು ಹಾಕಿಸಿ, ಪಂಚಾಕ್ಷರಪ್ಪನವರನ್ನು ಕರೆಸಿದರು. ಅವರು ಒಬ್ಬರೇ ಬರಲಿಲ್ಲ. ಸಂಘದ ಕಾರ್ಯದರ್ಶಿ ವಾಮದೇವಪ್ಪನವರನ್ನು ಕರೆದುಕೊಂಡು ಬಂದಿದ್ದರು, ರಾಜಿ ಮಾಡಿಸಲಿಕ್ಕೆ. ನಾಯಿಯ ಸಲುವಾಗಿ ದೊಡ್ಡ ಮನುಷ್ಯರನ್ನು ಠಾಣೆ ಹತ್ತಿಸಬಾರದು ಎಂದು ವಾಮದೇವಪ್ಪ ಒಂದು ಸುತ್ತು ಬುದ್ಧಿವಾದ ಹೇಳಿದರು. ಅಂಕಿತಾ ಕರೆತಂದಿದ್ದ ಸಣ್ಣಬೀರಪ್ಪ ಬಾಗಿಲ ಆಚೆ ಹೆಗಲ ಟವೆಲ್ಲು ಹಿಂಡುತ್ತ ನಿಂತಿದ್ದ. ಅವನನ್ನು ನೋಡಿಯೂ ಪಂಚಾಕ್ಷರಪ್ಪನವರ ಮುಖದಲ್ಲಿ ಗೆರೆ ಅಲುಗಲಿಲ್ಲ. ಹಾಲೇಶಪ್ಪನವರ ಕಡೆ ಒಮ್ಮೆ ನೋಡಿ, ಸಣ್ಣಗೆ ನಕ್ಕು, ಅಂಗಿಯೊಳಗಿನ ಲಿಂಗವನ್ನು ಮುಟ್ಟಿಕೊಂಡರು.

"ಅಜ್ಜಯ್ಯನ ಆಣೆ ಸಾಹೇಬ್ರೆ. ಲಿಂಗ ಕಟ್ಟಿದೋನು ನಾನು. ಆ ಗಾಡಿ ಮುಂದೆ ನಾನು ಯಾವತ್ತೂ ಹಾಯ್ದಿಲ್ಲ."

ಸಾಹೇಬರು ಎಲ್ಲರ ಮುಖ ನೋಡಿದರು. ಅಂಕಿತಾ ಅಪ್ಪನನ್ನು ನೋಡಿದಳು. ಅಪ್ಪ ಮತ್ತೆ ಫ್ಯಾನು ನೋಡುತ್ತಿದ್ದರು. ಮುಗಿಯಿತು ಕಥೆ ಎಂದು ಅವಳು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಹಾಲೇಶಪ್ಪ ಕುರ್ಚಿಯಿಂದ ಎದ್ದರು. ಹಣೆಯ ಬೆವರಿಗೆ ವಿಭೂತಿ ಕಲಸಿಹೋಗಿತ್ತು.

"ಹಾಯ್ದೀರಿ, ಪಂಚಾಕ್ಷರಪ್ನೋರೆ," ಎಂದರು. "ನಾನೂ ಅಲ್ಲೇ ಇದ್ದೆ. ನಮ್ಮ ನಾಯಿಗೆ ಮೊಟ್ಟೆ ಸುಲೀತಿದ್ದೆ."