ಒಂಬತ್ತು ಜೋಡಿ ಕಣ್ಣುಗಳ ಕಪ್ಪು

ಹತ್ತಿ ತುಂಬಿಡುವ ಸ್ಟೀಲಿನ ಡಬ್ಬದ ಮುಚ್ಚಳದಲ್ಲಿ ಮುಖ ಸ್ವಲ್ಪ ಅಗಲವಾಗಿಯೇ ಕಾಣುತ್ತಿತ್ತು. ನರ್ಸುಗಳ ಕೋಣೆಯಲ್ಲಿ ಬೇರೆ ಕನ್ನಡಿ ಇರಲಿಲ್ಲ. ಆ ಬೆಳಿಗ್ಗೆ ನಾವು ಒಂಬತ್ತು ಜನ ಸರದಿಯಲ್ಲಿ ನಿಂತು ಅದರಲ್ಲಿ ಕಣ್ಣ ಕೆಳಗಿನ ಕಪ್ಪನ್ನು ನೋಡಿಕೊಂಡೆವು. ಹೆಡ್ ಸಿಸ್ಟರ್ ಬೆನಡಿಕ್ಟಾ ಒಬ್ಬೊಬ್ಬರಿಗೂ ಅದನ್ನು ಬಣ್ಣದಿಂದ ಮುಚ್ಚುತ್ತಿದ್ದರು.

ಅದು ಡಾಕ್ಟರ್ ವಾಮನಮೂರ್ತಿಗಳ ಸ್ವಂತ ಆಸ್ಪತ್ರೆ. ಹದಿನೆಂಟು ಜನರ ಕೆಲಸಕ್ಕೆ ಒಂಬತ್ತು ಜನರಿದ್ದೆವು. ಹಗಲು ಪಾಳಿ ಮುಗಿಸಿದವರೇ ರಾತ್ರಿಗೂ ನಿಲ್ಲಬೇಕು. ಸರ್ಕಾರದಿಂದ ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ ಡಾಕ್ಟರ ಹೆಂಡತಿ ಇಂದುಮತಿಯಮ್ಮ ಮೈಬಣ್ಣದ ಕ್ರೀಮು, ಪೌಡರಿನ ಡಬ್ಬಿ ತಂದರು.

"ಹೆಣದ ಮುಖ ಹೊತ್ತು ನಿಂತರೆ ಬಂದವರು ಏನಂದ್ಕೊಳ್ತಾರೆ? ಮೊದಲು ಕ್ರೀಮು, ಮೇಲೆ ಪೌಡರು. ಪೌಡರ್ ಹಾಕದಿದ್ರೆ ಬೆವರಿಗೆ ಇಳಿದುಹೋಗತ್ತೆ."

"ನಾನೇ ಹಚ್ತೀನಿ ಮೇಡಂ, ಕೊಡಿ," ಎಂದು ಬೆನಡಿಕ್ಟಾ ಕೈಚಾಚಿದಾಗ ನಮಗೆಲ್ಲ ಆಶ್ಚರ್ಯ. ನರ್ಸ್ ನೀಲಾಂಬಿಕೆಯ ಕೆಲಸ ಹೋದಂದಿನಿಂದ ಅವರು ಆ ದಂಪತಿಗಳ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು.

ನೀಲಾಳಿಗೆ ಕೆಲಸ ಕಲಿಸಿದವರು ಅವರೇ. ಮೂವತ್ತು ಗಂಟೆ ಕೂರದೆ ದುಡಿದ ನೀಲಾ ಒಬ್ಬರ ಇಂಜೆಕ್ಷನ್ನನ್ನು ಪಕ್ಕದ ಮಂಚದ ಮುದುಕರಿಗೆ ಕೊಟ್ಟುಬಿಟ್ಟಿದ್ದಳು. ಅವರು ಉಳಿಯಲಿಲ್ಲ. ಡಾಕ್ಟರು ಸತ್ತವರ ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, "ಎಂಟು ಗಂಟೆ ಡ್ಯೂಟಿ ಮಾಡೋಕೂ ಯೋಗ್ಯತೆ ಇಲ್ಲದವಳು," ಎಂದರು. ಹಾಜರಿ ಪುಸ್ತಕದ ಆ ದಿನದ ಹಾಳೆ ಬದಲಾಗಿ, ಮೂವತ್ತು ಗಂಟೆ ಎಂಟಾಯಿತು. ಮತ್ತೆಲ್ಲೂ ಅವಳಿಗೆ ನರ್ಸಿನ ಕೆಲಸ ಸಿಗಲಿಲ್ಲ. ಬೆನಡಿಕ್ಟಾ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಕಾಯ್ತೀನಿ," ಎಂದಷ್ಟೇ ನನ್ನ ಹತ್ತಿರ ಹೇಳಿದ್ದರು. ಒಂದೂವರೆ ವರ್ಷ ಕಾದಿದ್ದರು.

ನನ್ನ ಸರದಿ ಬಂತು. ಅವರು ಉಂಗುರದ ಬೆರಳಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಹಚ್ಚಿದರು. ಮುಚ್ಚಳದಲ್ಲಿ ನೋಡಿಕೊಂಡರೆ ಕಪ್ಪಿನ ಸುಳಿವೇ ಇಲ್ಲ.

"ಪೌಡರು?" ಎಂದೆ.

"ಬೇಡ. ಎಲ್ಲರೂ ಹೋಗಿ ಉಪಕರಣ ಕುದಿಸೋ ಕೋಣೇಲಿ ನಿಂತಿರಿ. ನಾನು ಬರೋವರೆಗೆ ಹೊರಗೆ ಬರಬೇಡಿ."

ಆ ಕೋಣೆಗೆ ಕಿಟಕಿಯಿಲ್ಲ. ಅಂದು ಎರಡು ಒಲೆಗಳೂ ಉರಿಯುತ್ತಿದ್ದವು. ಮುಕ್ಕಾಲು ಗಂಟೆ ನಾವು ಹಬೆಯಲ್ಲಿ ಬೆಂದೆವು. ಕೊನೆಗೆ ಬಾಗಿಲು ತೆರೆಯಿತು. ತಪಾಸಣೆಯ ಹಿರಿಯ ಡಾಕ್ಟರಮ್ಮ, ಅವರ ಹಿಂದೆ ನಗುತ್ತ ವಾಮನಮೂರ್ತಿಗಳು, ಪಕ್ಕದಲ್ಲಿ ಬೆನಡಿಕ್ಟಾ. ಒಂಬತ್ತು ಮುಖಗಳ ಮೇಲೂ ಬಣ್ಣ ಕರಗಿ ಕೆನ್ನೆಗೆ ಇಳಿದಿತ್ತು.

"ಇದೇನು?" ಎಂದರು ಡಾಕ್ಟರಮ್ಮ.

"ಹುಡುಗೀರಿಗೆ ಅಲಂಕಾರದ ಹುಚ್ಚು," ಎಂದರು ವಾಮನಮೂರ್ತಿ.

"ಬಣ್ಣ ತಂದುಕೊಟ್ಟವರು ಇವರ ಮನೆಯವರು ಮೇಡಂ," ಎಂದರು ಬೆನಡಿಕ್ಟಾ, ದನಿಯೇರಿಸದೆ. "ಮಲಗಿ ಎಷ್ಟು ಹೊತ್ತಾಯ್ತು ಅಂತ ಈ ಮಕ್ಕಳನ್ನೇ ಕೇಳಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇಪ್ಪತ್ತಾರು ಗಂಟೆ," ಎಂದೆ. ಪಕ್ಕದವಳು, "ಮೂವತ್ತೊಂದು," ಎಂದಳು. ಸಾಲು ಮುಗಿಯುವಷ್ಟರಲ್ಲಿ ವಾಮನಮೂರ್ತಿಗಳ ನಗು ಎಲ್ಲೋ ಹೋಗಿತ್ತು. ಆಗ ಬೆನಡಿಕ್ಟಾ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದರು. ಕಸದ ಬುಟ್ಟಿಯಿಂದ ಎತ್ತಿಟ್ಟುಕೊಂಡ ಹಳೆಯ ಹಾಜರಿ ಹಾಳೆ. ನೀಲಾಳ ಮೂವತ್ತು ಗಂಟೆ, ಕೆಳಗೆ ಡಾಕ್ಟರದೇ ರುಜು. ಅದನ್ನು ಡಾಕ್ಟರಮ್ಮನಿಗೆ ಕೊಡುವಾಗಲೂ ಬೆನಡಿಕ್ಟಾ ನೋಡುತ್ತಿದ್ದುದು ವಾಮನಮೂರ್ತಿಗಳ ಮುಖವನ್ನೇ. ಆ ನೋಟದಲ್ಲಿ ಕರುಣೆಯ ಎಳೆಯೂ ಇರಲಿಲ್ಲ.

ತಿಂಗಳೊಳಗೆ ಆಸ್ಪತ್ರೆಗೆ ಬೀಗ ಬಿತ್ತು. ನಮ್ಮ ಕೆಲಸವೂ ಹೋಯಿತು. ಕೆಲವರು ಬೆನಡಿಕ್ಟಾರನ್ನು ಶಪಿಸಿದರು, ಕೆಲವು ದಿನ ನಾನೂ.

ಬೀಗ ಬಿದ್ದ ಸಂಜೆ ಅವರ ಜೊತೆ ನೀಲಾಳ ಮನೆಗೆ ಹೋದೆ. ಅವಳು ಯಾರದೋ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. ಬೆನಡಿಕ್ಟಾ ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ನೀಲಾ ತಲೆಯೆತ್ತಲಿಲ್ಲ.

"ಅವನ ಮುಖ ಹೇಗಾಯ್ತು?" ಎಂದಳು.

"ಬಿಳಿಚಿಕೊಂಡಿತು."

ನೀಲಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. ಎದ್ದು ಗೋಡೆಗೊರಗಿದ್ದ ಚಾಪೆಯನ್ನು ತಂದು ಹಾಸಿ, ಅದರ ಮಡಿಕೆಗಳನ್ನು ಅಂಗೈಯಿಂದ ಸವರಿದಳು.

"ಕೂತ್ಕೊಳ್ಳಿ ಸಿಸ್ಟರ್. ಮೊದಲಿಂದ ಹೇಳಿ, ನಿಧಾನವಾಗಿ," ಎಂದಳು.