ಮೊರದಲ್ಲಿ ಪಡೆದ ಮಗು

ಬಾವಿಯ ರಾಟೆ ಕಿರುಗುಟ್ಟುತ್ತಿದೆ, ಎಣ್ಣೆ ಕಂಡು ಎಷ್ಟು ದಿನವಾಯಿತೋ, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾರೆ, ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು — ಬೋರ್ಡಿಂಗಿನ ಪಡಸಾಲೆಯ ಬೆಂಚಿನ ಮೇಲೆ ನಾನು, ನೆಲದ ಮೇಲೆ ಕಸ್ತೂರೆವ್ವ, ಮ್ಯಾಲ ಕೂಡ್ರಬಾ ಎಂದರೂ ಬರಲಿಲ್ಲ, ಮೋರಟಗಿಯಿಂದ ವಿಜಾಪುರದವರೆಗೆ ಬಸ್ಸಿನಲ್ಲಿ ನನ್ನೊಡನೆ ಒಂದು ಮಾತೂ ಆಡಲಿಲ್ಲ, ಯಾಕೆ ಆಡಬೇಕು, ಅವಳ ಜಾಗದಲ್ಲಿ ನಾನಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ. ಉಡಿಯಲ್ಲಿ ಶೇಂಗಾ ಹೋಳಿಗೆಯ ಗಂಟು, ನಮ್ಮ ಸಗೀರಾಗ ಇದಂದ್ರ ಜೀವರಿ ಎಂದು ಕಂಡಕ್ಟರನಿಗೆ ಹೇಳಿದಳು, ನನಗಲ್ಲ. ಬೋರ್ಡಿಂಗ್ ನೋಡಿಕೊಳ್ಳುವ ಬಸಂತರಾಯರು ನನ್ನ ಕಾಗದ ಓದಿ ಕನ್ನಡಕ ತೆಗೆದರು, ಇಂದೂಬಾಯಾರ, ಕೂಸಿಗೆ ಯಾರೂ ಇಲ್ಲಂತ ನೀವ ಬರದು ಕೊಟ್ಟೀರಿ, ಈಗ ಅವ್ವ ಅದಾಳ ಅಂತೀರಿ, ನಿಮ್ಮ ನೌಕರಿಗೆ ಕುತ್ತು ಬಂದೀತು, ವಿಚಾರ ಮಾಡ್ರಿ. ಮಾಡೇನ್ರಿ, ತಪ್ಪು ನಂದ ಐತಿ, ಅಂದೆ. ಹಂಗಾದ್ರ ಕೂಸು ಈಕೀನ ಅವ್ವ ಅಂದ್ರ ಕಳಸ್ತೇನಿ, ಅನ್ನಲಿಲ್ಲಂದ್ರ ಇಲ್ಲ. ಅನ್ನುತ್ತಾಳೆ, ಯಾಕೆ ಅನ್ನುವುದಿಲ್ಲ, ಆರೇ ತಿಂಗಳು, ಐದು ವರ್ಷದ ಕೂಸು ಆರು ತಿಂಗಳಲ್ಲಿ ಅವ್ವನನ್ನು ಮರೆಯುತ್ತದೆಯೇ.

ಭೀಮೆ ಉಕ್ಕಿ ದಂಡೆಯ ಊರು ಕೊಚ್ಚಿಹೋದಾಗ ಹೆತ್ತವರನ್ನು ಕಳೆದುಕೊಂಡ ಹದಿನೇಳು ಮಕ್ಕಳು ನಮ್ಮ ಶಾಲೆಯಲ್ಲಿ, ನಾನೇ ಉಸ್ತುವಾರಿ, ಮೊದಲ ವಾರವೇ ಜರಿ ರುಮಾಲಿನವನೊಬ್ಬ ತಂಗಿಯ ಮಕ್ಕಳೆಂದು ಇಬ್ಬರನ್ನು ಕರೆದೊಯ್ದ, ಹುಡುಕಿಸಿದರೆ ಅಂಥ ಮನೆಯೂ ಇಲ್ಲ, ಅಂಥ ಮನುಷ್ಯನೂ ಇಲ್ಲ, ಆ ಇಬ್ಬರು ಎಲ್ಲಿದ್ದಾರೋ — ಅಂದೇ ಆಣೆ ಮಾಡಿದೆ, ಇನ್ನೊಂದು ಕೂಸನ್ನೂ ಬಿಡುವುದಿಲ್ಲವೆಂದು. ಮಾರನೆಯ ದಿನ ಬಂದವಳು ಕಸ್ತೂರೆವ್ವ, ಮೊಣಕಾಲವರೆಗೆ ಕೆಸರು, ನಮ್ಮ ಬಾಜೂಮನಿ ಖಾತುನಬಿಗೆ ಮೂರು ಕೂಸು ಉಳೀಲಿಲ್ರಿ ಬಾಯಾರ, ನಾಕನೇದು ಈ ಸಗೀರಾನ್ನ ಮೊರದಾಗ ಹಾಕಿ ನನ್ನ ಉಡಿಗೆ ಕೊಟ್ಳು, ನಾ ಸೇರು ಜ್ವಾಳಾ ಕೊಟ್ಟು ತಗೊಂಡೇನಿ, ನನ್ನ ಅವ್ವಾ ಅಂತನ ಕರೀತಿತ್ತು, ಈಗ ಖಾತುನಬಿ ಹೊಳಿ ಪಾಲಾದ್ಳು, ಇನ್ನ ನಾನ ಅದಕ್ಕ ದಿಕ್ಕು. ನನಗೆ ತಿಳಿಯದ ಪದ್ಧತಿಯೇ, ನನ್ನ ತಮ್ಮ ಜಯತೀರ್ಥನನ್ನೂ ಎದುರುಮನೆಯ ಅಮೀನಾಬಿ ಹೀಗೆಯೇ ಮೊರದಲ್ಲಿ ತೆಗೆದುಕೊಂಡಿದ್ದಳು, ಈ ಮನೆಯ ಕೂಸಲ್ಲವೆಂದು ಸಾವು ಮುಂದೆ ಹೋಗಲಿ ಎಂದು, ಅವನ ಮುಂಜಿಗೆ ಮೊದಲ ಅರಿವೆ ಅವಳದೇ ಬಂದಿತ್ತು. ಗೊತ್ತಿದ್ದೂ ಅಂದೆ, ಅದು ಶಾಸ್ತ್ರ ಅಷ್ಟ, ಸಂಬಂಧ ಅಲ್ಲ, ಲಿಂಗಾಯತರಾಕಿ ನೀ, ಸಾಬರ ಕೂಸಿಗೆ ಅವ್ವ ಹೆಂಗಾಗ್ತಿ. ಬಾಗಿಲಿಗೆ ಅಡ್ಡ ನಿಂತೆ, ಒಳಗೆ ಸಗೀರಾ ಅಳುತ್ತಿದ್ದಳು, ಹದಿಮೂರನೆಯ ದಿನ ಜೀಪು ಬಂದು ಎಲ್ಲರನ್ನೂ ಇಲ್ಲಿಗೆ ತಂದಿತು. ಧೈರ್ಯ ಅಂದ್ರ ಇದು ಎಂದರು ತಾಲೂಕಿನ ಮಾಮಲೇದಾರರು, ನಾನು ನಂಬಿದೆ, ಹೆಮ್ಮೆಪಟ್ಟೆ, ದೀಪಾವಳಿಗೆ ಬಂದ ಜಯತೀರ್ಥನಿಗೂ ಹೆಮ್ಮೆಯಿಂದಲೇ ಹೇಳಿದೆ. ಅವನು ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟ. ಅಕ್ಕಾ, ಹಂಗಾದ್ರ ಅಮೀನಾಬಿ ನನಗ ಯಾರು. ಅಷ್ಟೇ ಕೇಳಿದ, ಅಂದಿನಿಂದ ಕಸ್ತೂರೆವ್ವನನ್ನು ಹುಡುಕಿದೆ, ಸಿಕ್ಕ ಮೇಲೆ ಈ ಕಾಗದ ಬರೆದೆ.

ಮಗ್ಗಿ ನಿಂತಿತು, ಸಗೀರಾ ಬಂದಳು, ಕತ್ತರಿಸಿದ ಕೂದಲು, ಬಿಳಿ ಅಂಗಿ, ಕಸ್ತೂರೆವ್ವ ಉಡಿ ಹರವಿದಳು, ಬಾ ಸಗೀರಾ, ಬಾ ನಮ್ಮವ್ವ. ಕೂಸು ಅವಳತ್ತ ಒಂದು ಹೆಜ್ಜೆ ಇಟ್ಟಿತು, ಆಮೇಲೆ ನನ್ನನ್ನು ಕಂಡಿತು. ನಿಂತಿತು. ಕೈಕಟ್ಟಿತು. ಈಕಿ ನಮ್ಮವ್ವ ಅಲ್ರಿ ಬಾಯಾರ — ಪಾಠ ಒಪ್ಪಿಸುವ ದನಿ, ತೊದಲದೆ, ಒಂದಕ್ಷರ ತಪ್ಪದೆ, ಹೇಳಿಕೊಟ್ಟವಳು ನಾನೇ, ಯಾರಾದರೂ ಕರೆದರೆ ಓಡಿಬಿಡುತ್ತಾಳೆಂಬ ಹೆದರಿಕೆಗೆ, ಜೀಪು ಬರುವವರೆಗೆ ದಿನಾ ಪ್ರಾರ್ಥನೆಯಾದ ಮೇಲೆ ಎದುರಿಗೆ ನಿಲ್ಲಿಸಿ, ಒಳ್ಳೆಯದಕ್ಕೇ ಅಂತ, ಅಳದೆ ಹೇಳಿದರೆ ಒಂದು ಬತ್ತಾಸು — ಬಸಂತರಾಯರು ನನ್ನ ಕಾಗದ ಮಡಚುತ್ತಿದ್ದಾರೆ, ಇಲ್ರಿ, ತಡೀರಿ, ಅದು ನಾ ಕಲಿಸಿದ್ದು ಎನ್ನಬೇಕು, ಅಷ್ಟರಲ್ಲಿ ಕೂಸು ಕಟ್ಟಿದ ಕೈ ಬಿಚ್ಚಿ ನನ್ನ ಮುಂದೆ ಚಾಚಿದೆ, ಅಂಗೈ ಮೇಲಾಗಿ, ಅಳದೆ ಹೇಳಿದ್ದಾಳಲ್ಲ, ಬತ್ತಾಸಿಗೆ ಕಾಯುತ್ತಿದ್ದಾಳೆ, ಆ ಅಂಗೈ, ಸಣ್ಣ ಅಂಗೈ, ಇನ್ನೂ ಚಾಚಿಯೇ ಇದೆ.