ಬೇರು ಬಿಡುವ ಮಗ

ನಮ್ಮ ಇಲಾಖೆಯ ಕಳೆ ಕೀಳುವ ವಿಭಾಗದಲ್ಲಿ ಒಂದು ಹಳದಿ ಹೂವಿನ ಗಿಡಕ್ಕೆ ಮನೆಯಳಿಯ ಎಂದು ಅಡ್ಡಹೆಸರು. ಎಲ್ಲಿಂದಲೋ ಬಂದು ಕೂತಿತು, ಇನ್ನೂ ಎದ್ದಿಲ್ಲ. ನೋಡಲು ಇಲ್ಲಿನದೇ ಒಂದು ಸಾಧು ಗಿಡದ ಹಾಗಿರುತ್ತದೆ. ಕಾಂಡ ಮುರಿದು ನೋಡಬೇಕು: ಹಾಲು ಬಂದರೆ ನಮ್ಮದು, ಬರದಿದ್ದರೆ ಅಳಿಯ.

ಈ ಪರೀಕ್ಷೆಯನ್ನು ಇಲಾಖೆಗೆ ಕಲಿಸಿದವಳು ಅಮ್ಮ. ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದಳು. ಆಮೇಲೆ ಮರೆವು ಬಂತು. ಅದೂ ಅಳಿಯನ ಜಾತಿಯೇ, ಹೋಗಲಿಲ್ಲ. ನಾಲ್ಕು ತಿಂಗಳಿಂದ ನನ್ನನ್ನು ಸಾರ್ ಎನ್ನುತ್ತಿದ್ದಾಳೆ. ಆಫೀಸಿನಲ್ಲಿ ಸಿಗದ ಬಡ್ತಿ ಮನೆಯಲ್ಲಿ ಸಿಕ್ಕಿದೆ.

ಆರೈಕೆ ಕೇಂದ್ರದ ಅರ್ಜಿಯನ್ನು ಅಕ್ಕ ತಂದುಕೊಟ್ಟಿದ್ದಳು. ಎಲ್ಲ ತುಂಬಿದ್ದೆ, ಒಂದು ಪ್ರಶ್ನೆ ಬಿಟ್ಟು: ಮನೆಯವರನ್ನು ಗುರುತಿಸುತ್ತಾರೆಯೇ? ಇಲ್ಲ ಎಂದರೆ ನಾಳೆಯೇ ಸೇರಿಸಿಕೊಳ್ಳುತ್ತಾರಂತೆ. ಹೌದು ಎಂದರೆ ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಬೇಕಂತೆ. ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಅಂದು ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಬರಲಿಲ್ಲ. ಕೆಲಸಕ್ಕೇ ಕರೆದುಕೊಂಡು ಹೋದೆ. ರೈಲು ಹಳಿಯ ಪಕ್ಕದ ಖಾಲಿ ಜಾಗ. ಬೀಜ ಕಟ್ಟುವ ಮೊದಲು ಗಿಡ ತೆಗೆಯಬೇಕಿತ್ತು. ಅವಳನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ ಕೀಳತೊಡಗಿದೆ. ಮೂರನೆಯ ಗಿಡ ಪಟ್ಟೆಂದು ಬುಡದಲ್ಲೇ ಮುರಿಯಿತು. ಒಳಗುಳಿದ ಬೇರು ಮತ್ತೆ ಚಿಗುರುತ್ತದೆ, ಗೊತ್ತು. ಕಾಲಿನಿಂದ ಮಣ್ಣು ಸರಿಸಿ ಮುಚ್ಚಿದೆ.

ಕುರ್ಚಿ ಕಿರುಗುಟ್ಟಿತು. ಅಮ್ಮ ಬಂದು ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ, ಹಾಲುಹಲ್ಲು ಕೀಳುವ ಹಾಗೆ ಬೇರನ್ನು ಅಲ್ಲಾಡಿಸಿ ಅಲ್ಲಾಡಿಸಿ ಎಳೆದಳು.

"ಏನ್ ಸಾರ್, ಬೇರು ಬಿಟ್ಟು ಮಣ್ಣು ಮುಚ್ತೀರಾ? ನನ್ನ ಮಗನೂ ಹೀಗೇ. ಮೇಲ್ಮೇಲೆ ಕಿತ್ತು ಕೈ ತೊಳ್ಕೊಂಡ್ಬಿಡ್ತಾನೆ."

"ಎಲ್ಲಿದಾನೆ ನಿಮ್ಮ ಮಗ?"

"ಕೆಲಸಕ್ಕೆ ಹೋಗಿದಾನೆ. ಸೋಮಾರಿ. ಆದ್ರೆ ಸಂಜೆ ಮನೆಗೆ ಬಂದೇ ಬರ್ತಾನೆ."

ಬಾಟಲಿಯಿಂದ ಎರಡು ಗುಟುಕು ನೀರು ಕುಡಿದೆ. ಅರ್ಜಿಯಲ್ಲಿದ್ದದ್ದು ಹೌದು, ಇಲ್ಲ ಎಂಬ ಎರಡೇ ಚೌಕ. ಮುಖ ನೋಡಿದರೆ ಅಲ್ಲ, ಮಗನ ತಪ್ಪು ನೋಡಿದರೆ ಗುರುತು ಸಿಗುತ್ತದೆ ಎನ್ನಲು ಮೂರನೆಯದು ಇರಲಿಲ್ಲ.

ಅಮ್ಮ ಹೋಗಿ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು. ಸಾರ್, ಟೈಮೆಷ್ಟು ಎಂದು ಕೇಳಿದಳು.

ಹೇಳಿದೆ. ಆಮೇಲೆ ಇನ್ನೊಂದು ಗಿಡದ ಕುತ್ತಿಗೆ ಹಿಡಿದು, ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಬುಡದಲ್ಲೇ ಮುರಿದು, ಕಾಲಿನಿಂದ ಮಣ್ಣು ಮುಚ್ಚಿದೆ. ಕುರ್ಚಿ ಕಿರುಗುಟ್ಟಲಿ ಎಂದು ಕಾಯುತ್ತ ನಿಂತೆ.